ಊರಿನೊಡನೆ ಬರೆದ ಹೆಸರು

ಫೋನಿನಲ್ಲಿ ನಮ್ಮ ಕ್ಲಿನಿಕ್ಕಿನದೊಂದು ಪೇಜಿತ್ತು; ಅದಕ್ಕೆ ಆಯಾ ವಾರ ಹೊಸದಾಗಿ ಸೇರಿದವರನ್ನು ಹೆಸರು ಹಿಡಿದು ಸ್ವಾಗತಿಸುವ ಕೆಲಸ ನನ್ನದಾಗಿತ್ತು. ಶನಿವಾರ ಮಧ್ಯಾಹ್ನ ಕೊನೆಯ ರೋಗಿ ಹೋದ ಮೇಲೆ, ಊಟದ ಡಬ್ಬಿ ತೊಳೆದಿಟ್ಟು, ಫೋನು ಹಿಡಿದು ಕೂರುತ್ತಿದ್ದೆ. ಆಸ್ಪತ್ರೆಯ ಕೆಲಸಗಳಲ್ಲೆಲ್ಲ ನನಗೆ ಖುಷಿ ಕೊಡುತ್ತಿದ್ದ ಕೆಲಸ ಅದೊಂದೇ. ಸೂಜಿ ಇಲ್ಲ, ಅಳು ಇಲ್ಲ. ಬಂದವರಿಗೆ ಬನ್ನಿ ಎನ್ನುವುದು ಅಷ್ಟೇ.

ನಾನು ನರ್ಸ್. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಎರಡು ವರ್ಷ ಹೊರಗೆ ದುಡಿದು, ಶಿಕಾರಿಪುರಕ್ಕೆ ಬಂದು ಈ ಕ್ಲಿನಿಕ್ ಸೇರಿದೆ. ನಮ್ಮ ಡಾಕ್ಟರು ನರ ಮತ್ತು ಮೆದುಳಿನ ಕಾಯಿಲೆ ನೋಡುವವರು. ವಾರವೆಲ್ಲ ಶಿಕಾರಿಪುರ, ಗುರುವಾರ ಮಾತ್ರ ಸೊರಬದಲ್ಲಿ ಒಂದು ಬಾಡಿಗೆ ಕೋಣೆ. ಬರುವವರಲ್ಲಿ ಹೆಚ್ಚಿನವರಿಗೆ ಫಿಟ್ಸ್. ಆದರೆ ಆ ಮಾತನ್ನು ಬಾಗಿಲಲ್ಲಿ ನಿಂತು ಯಾರೂ ಹೇಳುವುದಿಲ್ಲ. "ತಲೇದು ಸ್ವಲ್ಪ ತೋರಿಸ್ಬೇಕಿತ್ರೀ" ಎನ್ನುತ್ತಾರೆ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರೆ ಅದನ್ನೂ ಹೇಳುವುದಿಲ್ಲ. ಒಳಗೆ ಬಂದು, ಬಾಗಿಲು ಹಾಕಿಕೊಂಡ ಮೇಲೆಯೇ ಬಾಯಿ ಬಿಡುತ್ತಾರೆ.

ಒಂದು ವಿಚಿತ್ರ ನಾನು ಮೊದಲ ತಿಂಗಳಲ್ಲೇ ಕಂಡಿದ್ದೆ. ಶಿಕಾರಿಪುರದವರು ಗುರುವಾರ ಕಾದು ಸೊರಬಕ್ಕೆ ಬಂದು ತೋರಿಸುತ್ತಿದ್ದರು. ಸೊರಬದವರು ಉಳಿದ ದಿನಗಳಲ್ಲಿ ಬಸ್ಸು ಹತ್ತಿ ಶಿಕಾರಿಪುರಕ್ಕೆ ಬರುತ್ತಿದ್ದರು. ತಮ್ಮೂರಿನಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಪಕ್ಕದ ತಾಲ್ಲೂಕು. ಇಷ್ಟು ಗೊತ್ತಿದ್ದವಳು ನಾನು. ಆದರೂ ಹೆಸರು ಬರೆದೆ.

ಯಾಕೆ ಬರೆದೆ ಎಂದು ಈಗ ಕೇಳಿಕೊಂಡರೆ ಉತ್ತರ ಬಹಳ ಸಣ್ಣದು. ನಾನು ಬೆಳೆದದ್ದು ಹಾಗೆ. ನಮ್ಮ ಕಡೆಯ ಯಾವ ಕಾರ್ಯದಲ್ಲೂ ಮೈಕು ಹಿಡಿದವರು ಬಂದವರನ್ನೆಲ್ಲ ಊರು ಸಹಿತ ಹೆಸರಿಸಿ ಸ್ವಾಗತ ಕೋರುತ್ತಾರೆ. ಒಬ್ಬರ ಹೆಸರು ಬಿಟ್ಟುಹೋದರೂ ಮುಗಿಯಿತು. ನಮ್ಮ ಸೋದರಮಾವ ಒಂದು ಗೃಹಪ್ರವೇಶದಲ್ಲಿ ತನ್ನ ಹೆಸರು ಹೇಳಲಿಲ್ಲವೆಂದು ಊಟದ ಎಲೆ ಮುಂದಿನಿಂದ ಎದ್ದು ಬಂದವರು, ಆ ಮನೆಯ ಕಡೆ ವರ್ಷಗಟ್ಟಲೆ ತಲೆ ಹಾಕಲಿಲ್ಲ. ಕಾಲೇಜಿನಲ್ಲಿ ಸ್ವಾಗತ ಭಾಷಣ ಯಾವಾಗಲೂ ನನಗೇ. ಚೀಟಿ ಕೈಯಲ್ಲಿಟ್ಟುಕೊಂಡು, ಯಾರನ್ನೂ ಬಿಡದೆ ಓದುತ್ತಿದ್ದೆ.

ಪೇಜನ್ನು ನನ್ನ ಕೈಗೆ ಕೊಡುವಾಗ ಡಾಕ್ಟರು, "ಬಂದೋರಿಗೆ ಒಂದು ಥ್ಯಾಂಕ್ಸ್ ಹಾಕಮ್ಮ, ಸಾಕು" ಎಂದಿದ್ದರು. ಬರೀ ಥ್ಯಾಂಕ್ಸ್ ಎಂದರೆ ಮುಖ ನೋಡದೆ ಮಾತಾಡಿದ ಹಾಗೆ ಎನಿಸಿತು ನನಗೆ. ಹಾಗಾಗಿ, "ಈಸೂರಿನಿಂದ ಇಂಥವರು, ಅಂಜನಾಪುರದಿಂದ ಇಂಥವರು, ತಮಗೆಲ್ಲ ಆತ್ಮೀಯ ಸ್ವಾಗತ" ಎಂದು ಹೂವಿನ ಚಿತ್ರ ಹಾಕಿ ಬರೆದೆ. ಜನರಿಗೆ ಬಹಳ ಹಿಡಿಸಿತು. ಒಬ್ಬ ಹಿರಿಯರು ಕೆಳಗೆ ಬರೆದರು: "ನಮ್ಮ ಹೆಸ್ರು ಬಂದಿಲ್ಲಲ್ರೀ ಸಿಸ್ಟರ್, ನಾವೇನು ಪರದೇಶಿಗಳಾ?" ಮರುವಾರ ಅವರ ಹೆಸರನ್ನು ಮೊದಲು ಹಾಕಿದೆ. "ಈಗ ಸಮಾಧಾನ ಆತು, ಊಟ ಸೇರಿತು" ಎಂದು ಬರೆದರು. ನಾನು ಆ ಸಾಲನ್ನು ಡಾಕ್ಟರಿಗೆ ತೋರಿಸಿ ನಕ್ಕಿದ್ದೆ.

ಹಾಗೆ ತಮ್ಮೂರು ಬಿಟ್ಟು ಬಂದು ತೋರಿಸುತ್ತಿದ್ದವರಲ್ಲಿ ಒಬ್ಬಳು ಸೊರಬದ ಕಡೆಯ ಹುಡುಗಿ. ಬಿ.ಎಡ್. ಓದುತ್ತಿದ್ದಳು. ಹನ್ನೆರಡನೇ ವಯಸ್ಸಿನಿಂದ ಫಿಟ್ಸ್. ನಮ್ಮಲ್ಲಿಗೆ ಬಂದ ಮೇಲೆ, ಬೆಳಿಗ್ಗೆ ಒಂದು ರಾತ್ರಿ ಒಂದು ಮಾತ್ರೆಯಲ್ಲಿ ಪೂರ್ತಿ ಹತೋಟಿಗೆ ಬಂದಿತ್ತು. ಅವಳೂ ಅವಳ ತಾಯಿಯೂ ಮೊದಲ ಬಸ್ಸಿಗೆ ಶಿಕಾರಿಪುರಕ್ಕೆ ಬಂದು, ತೋರಿಸಿ, ಕೈಯಲ್ಲೊಂದು ಬಟ್ಟೆ ಅಂಗಡಿಯ ಚೀಲ ಹಿಡಿದು ಹಿಂದಿರುಗುತ್ತಿದ್ದರು. ಮೊದಲ ಭೇಟಿಯಲ್ಲಿ ತಾಯಿ ಹೇಳಿದ ಮಾತನ್ನು ಅವಳ ಫೈಲಿನಲ್ಲಿ ನಾನೇ ಬರೆದಿದ್ದೆ: ಬರುವ ಮೊದಲು ಬಲಗೈ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿ ಉಜ್ಜಲು ಶುರುವಾಗುತ್ತದೆ, ಆಗಲೇ ಹಿಡಿದು ಮಲಗಿಸಿದರೆ ಪೆಟ್ಟಾಗುವುದಿಲ್ಲ.

ಅವಳಿಗೆ ಮದುವೆ ಗೊತ್ತಾಗಿತ್ತು. ಹುಡುಗನ ಮನೆಯವರು ಶಿಕಾರಿಪುರದ ಕಡೆ ವ್ಯಾಪಾರದವರು. ಅವರಿಗೆ ಕಾಯಿಲೆಯ ವಿಷಯ ಹೇಳಿರಲಿಲ್ಲ. ಹೇಳಬೇಕೆಂದು ಡಾಕ್ಟರು ಎರಡು ಸಲ ಹೇಳಿದ್ದರು. "ಹೇಳ್ತೀವಿ, ನಿಶ್ಚಿತಾರ್ಥ ಆಗ್ಲಿ" ಎಂದಿದ್ದರು. ನಿಶ್ಚಿತಾರ್ಥವೂ ಆಯಿತು.

ಆ ಶನಿವಾರದ ಪಟ್ಟಿಯಲ್ಲಿ ಅವಳ ಹೆಸರಿತ್ತು. ಅವಳ ಖಾತೆಯಲ್ಲೇ ಊರೂ ಇತ್ತು. ಒಂದು ಕ್ಷಣವೂ ಯೋಚಿಸಲಿಲ್ಲ ನಾನು. ಗುರುತಿನ ಹೆಸರು ಕಂಡ ಖುಷಿಯಲ್ಲಿ ಮೇಲಿನ ಸಾಲಿಗೇ ಹಾಕಿದೆ.

ಸೋಮವಾರ ಬೆಳಿಗ್ಗೆ ಫೋನು ಬಂತು.

"ಎಂತಕ್ಕೆ ಹಾಕಿದ್ರಿ ಸಿಸ್ಟರ್ ನನ್ನ ಹೆಸ್ರು?"

ನನಗೆ ತಕ್ಷಣ ಹೊಳೆಯಲಿಲ್ಲ. "ಯಾವ ಹೆಸರಮ್ಮ?" ಎಂದೆ.

"ಅವರ ಅಕ್ಕ ನೋಡಿದ್ದಾರೆ. ನರದ ಡಾಕ್ಟ್ರ ಪೇಜಲ್ಲಿ ನಿನ್ನ ಹೆಸ್ರು ಯಾಕೆ ಬಂತು, ಏನು ತೊಂದ್ರೆ ಅಂತ ಕೇಳಿದ್ರು. ತಲೆನೋವಿನ ಬಗ್ಗೆ ಓದೋಕೆ ಅಂದೆ."

"ಈಗಲೇ ತೆಗೀತೀನಿ."

"ಇನ್ನು ತೆಗೆದು ಎಂತ ಆಗ್ಬೇಕು?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಅವಳದೊಂದೇ ಹೆಸರು ತೆಗೆದರೆ ಮತ್ತೆ ಗಮನ ಅಲ್ಲಿಗೇ ಹೋಗುತ್ತದೆಂದು ಇಡೀ ಬರಹವನ್ನೇ ಅಳಿಸಿದೆ. ಫೋನು ಇಡುವ ಮೊದಲು ಅವಳು ಒಂದು ಮಾತು ಕೇಳಿದಳು: "ಇನ್ಮೇಲೆ ಎಲ್ಲಾದ್ರೂ ಕಂಡ್ರೆ ಗುರ್ತ ಹಿಡಿದು ಮಾತಾಡ್ಸಬೇಡಿ ಸಿಸ್ಟರ್. ಯಾರೋ ಅನ್ನೋ ಹಾಂಗೆ ಇದ್ದುಬಿಡಿ."

"ಆಯ್ತಮ್ಮ" ಎಂದೆ. ಮಾತ್ರೆ ತಗೊಳ್ತಿದೀಯಾ ಎಂದೆ. ಹೂಂ ಎಂದಳು. ಮುಂದಿನ ದಿನಗಳಲ್ಲಿ ಒಮ್ಮೆ ಫೋನು ಮಾಡಿ ವಿಚಾರಿಸಬೇಕೆನಿಸಿತ್ತು. ಪಕ್ಕದಲ್ಲಿ ಯಾರಿರುತ್ತಾರೋ, ಯಾರ ಫೋನೆಂದು ಕೇಳಿದರೆ ಏನು ಹೇಳುತ್ತಾಳೋ ಎಂದು ಸುಮ್ಮನಾದೆ. ಒಂದು ತಪ್ಪು ಮಾಡಿದವಳಿಗೆ ಏನೂ ಮಾಡದಿರುವುದೇ ಸುರಕ್ಷಿತ ಎನಿಸುತ್ತದೆ.

ಮರುವಾರದ ಗುರುವಾರ ಸೊರಬದ ಕೆಲಸ ಮುಗಿಸಿ, ಡಾಕ್ಟರು ಇನ್ನೊಂದು ಊರಿನಲ್ಲಿ ರೋಗಿ ನೋಡಲು ಹೋದದ್ದರಿಂದ, ಫೈಲುಗಳ ಚೀಲ ಹೊತ್ತು ನಾನೊಬ್ಬಳೇ ಖಾಸಗಿ ಬಸ್ಸು ಹತ್ತಿದೆ. ಮೂರು ಗಂಟೆಯ ಬಿಸಿಲು. ಮುಂದಿನ ಬಾಗಿಲಿನಿಂದ ಮೂರನೇ ಸಾಲಿನಲ್ಲಿ, ಓಣಿಯ ಪಕ್ಕದ ಸೀಟು ಸಿಕ್ಕಿತು. ಎರಡು ನಿಲ್ದಾಣ ದಾಟಿದ ಮೇಲೆ ಅವಳು ಹತ್ತಿದಳು. ಜೊತೆಗೆ ಇನ್ನೊಬ್ಬಾಕೆ, ಮೂವತ್ತರ ಆಸುಪಾಸು, ಮಾತಿನ ಮಲ್ಲಿ. ಹತ್ತಿದ ಕೂಡಲೇ ಆಕೆ ಎಂಜಿನ್ ಪಕ್ಕದ ಉದ್ದ ಸೀಟಿನಲ್ಲಿ ಜಾಗ ಮಾಡಿಸಿಕೊಂಡು ಕುಳಿತರು. ಮಾತಿನಿಂದಲೇ ಗೊತ್ತಾಯಿತು, ಹುಡುಗನ ಅಕ್ಕ. ಇವಳ ಮನೆಗೆ ಬಂದು ಎರಡು ದಿನ ಉಳಿದು, ಈಗ ಸೀರೆಗೆ, ಬಳೆಗೆ ಎಂದು ಇವಳನ್ನು ಶಿಕಾರಿಪುರಕ್ಕೆ ಕರೆದೊಯ್ಯುತ್ತಿದ್ದರು.

ಹುಡುಗಿ ಮೆಟ್ಟಿಲ ಮೇಲ್ಗಡೆ, ಕಂಬ ಹಿಡಿದು ನಿಂತಳು. ನಮ್ಮಿಬ್ಬರ ಕಣ್ಣು ಕೂಡಿತು. ಅವಳು ಮುಖ ತಿರುಗಿಸಿದಳು. ನಾನು ಕಿಟಕಿಯ ಕಡೆ ನೋಡಿದೆ. ಕೊಟ್ಟ ಮಾತು ಉಳಿಸಿಕೊಂಡೆ ಎಂದು ಒಂದು ರೀತಿಯ ಸಮಾಧಾನವೂ ಆಯಿತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಶಿರಾಳಕೊಪ್ಪದಲ್ಲಿ ಬಸ್ಸು ತುಂಬಿತು. ಬಾಗಿಲು ಹಾಕಲಾಗುತ್ತಿರಲಿಲ್ಲ. ಕಂಡಕ್ಟರು ಕೂಗುತ್ತಿದ್ದ: "ಹಿಂದಕ್ಕೆ ಸರೀರಿ ಅಕ್ಕಾರೆ, ಹಿಂದೆ ಕಬಡ್ಡಿ ಆಡೋ ಅಷ್ಟು ಜಾಗ ಐತಿ."

"ಆಡಾಕೆ ನೀನೂ ಬಾ ಹಂಗಾರೆ" ಎಂದು ಹಿಂದಿನಿಂದ ಒಬ್ಬ ಹೆಂಗಸು ಅಂದಳು. ಎಲ್ಲರೂ ನಕ್ಕರು.

ಹುಡುಗನ ಅಕ್ಕ ಇವಳನ್ನು ಕರೆದರು: "ಬಾಗ್ಲು ಕಾಯಾಕೆ ನಿಂಗೇನು ಪಗಾರ ಕೊಡ್ತಾರೇನೆ? ಒಳಗ್ ಬಾ, ನನ್ ತೊಡಿ ಮೇಲೆ ಕುಂದ್ರು ಬೇಕಾರೆ."

"ಗಾಳಿ ಬರ್ತದೆ ಅಕ್ಕ, ಇಲ್ಲೇ ಇರ್ತೀನಿ" ಎಂದಳು. ಮುಖ ಬಿಳಿಚಿತ್ತು. ಹಣೆಯ ಮೇಲೆ ಬೆವರು.

ಬಳ್ಳಿಗಾವಿಯ ಕಡೆ ತಿರುಗುವ ದಾರಿ ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಸುಗ್ಗಿಯ ದಿನಗಳಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಕಾಳಿನ ಮೇಲೆ ಗಾಡಿ ಹತ್ತದಿರಲೆಂದು ಅಂಚಿಗೆ ಸಾಲಾಗಿ ಕಲ್ಲಿಟ್ಟಿರುತ್ತಾರೆ. ಎದುರಿನಿಂದ ವಾಹನ ಬಂದರೆ ಬಸ್ಸು ನಿಧಾನಿಸಿ ವಾಲಿಸಿಕೊಂಡು ಹೋಗಬೇಕು.

ಅಲ್ಲಿ ನಾನು ಅವಳ ಬಲಗೈ ನೋಡಿದೆ. ಹೆಬ್ಬೆರಳು ಉಜ್ಜುತ್ತಿತ್ತು.

ಹತ್ತು ಎಣಿಸುವಷ್ಟು ಹೊತ್ತು. ಅದಕ್ಕಿಂತ ಕಡಿಮೆಯೂ ಇದ್ದೀತು. ಆದರೆ ನನ್ನೊಳಗೆ ಅದು ಈಗಲೂ ಮುಗಿದಿಲ್ಲ. ಪಾತ್ರೆ ತೊಳೆಯುವಾಗ, ರೋಗಿಯ ಕೈಯಲ್ಲಿ ನಾಡಿ ಹುಡುಕುವಾಗ, ಮತ್ತೆ ಆ ಬಸ್ಸಿನಲ್ಲಿ ಕೂತಿರುತ್ತೇನೆ. ಹೆಬ್ಬೆರಳು ಕಾಣುತ್ತದೆ. ಕಂಡಿತು ಎಂದು ನನಗೆ ಗೊತ್ತಾಗುತ್ತದೆ. ಎದ್ದರೆ, ಅವಳ ಕೈ ಹಿಡಿದರೆ, ಪಕ್ಕದಲ್ಲಿರುವ ಆಕೆ 'ನೀವ್ಯಾರು?' ಎನ್ನುತ್ತಾರೆ. ನಾನು ಯಾರು ಎಂದು ಹೇಳಿದರೆ ಅವಳ ಬದುಕು ಮುರಿಯುತ್ತದೆ. ಇಲ್ಲ, ಬರೀ ಗಾಬರಿಗೆ ಬೆರಳು ಆಡಿಸುತ್ತಿರಬಹುದು. ಮಾತ್ರೆ ತೆಗೆದುಕೊಳ್ಳುತ್ತಿದ್ದಾಳಲ್ಲ. ಹೀಗೆ ಒಂದಾದ ಮೇಲೊಂದು. ಅಷ್ಟೂ ಹೊತ್ತು ನಾನು ಕೂತೇ ಇದ್ದೆ.

'ಇಲ್ಲಿ ಬಾಮ್ಮ, ಕೂತ್ಕೋ, ನಾನು ಮುಂದಿನ ಊರಲ್ಲಿ ಇಳೀತೀನಿ' ಎಂದಿದ್ದರೆ ಸಾಕಿತ್ತು. ಬೆವರುತ್ತ ನಿಂತ ಹುಡುಗಿಗೆ ಬಸ್ಸಿನಲ್ಲಿ ಯಾರು ಬೇಕಾದರೂ ಸೀಟು ಬಿಡುತ್ತಾರೆ. ಅವಳು ನನಗೆ ಯಾರೋ ಆಗಿದ್ದಿದ್ದರೆ ನಾನೂ ಬಿಡುತ್ತಿದ್ದೆ. ಇದು ನನಗೆ ಹೊಳೆದದ್ದು ಮೂರು ದಿನಗಳ ಮೇಲೆ.

ಅವಳ ಕುತ್ತಿಗೆ ಒಂದು ಕಡೆ ತಿರುಗಿತು. ಕೂಗಿದಳು. ಆ ಕೂಗು ಗೊತ್ತಿದ್ದವರಿಗೆ ಮಾತ್ರ ಗೊತ್ತು. ಕೈ ಕಂಬ ಬಿಟ್ಟಿತು. ನಾನು ಆಗ ಹಾರಿದೆ. ಫೈಲುಗಳೆಲ್ಲ ಚೆಲ್ಲಿದವು. ನನ್ನ ಕೈಗೆ ಅವಳ ವೇಲು ಸಿಕ್ಕಿತು, ಸಿಕ್ಕಿ ಹಾಗೇ ಬಿಚ್ಚಿಕೊಂಡು ಬಂತು. ಅವಳು ತೆರೆದ ಬಾಗಿಲಿನಿಂದ ಆಚೆ ಹೋದಳು.

ಬಸ್ಸು ನಿಧಾನವಾಗಿತ್ತು. ಹರವಿದ ಕಾಳಿನ ಮೇಲೆ ಬಿದ್ದು ಜಾರಿದಳು. ಅಂಚಿನ ಕಲ್ಲು ಮುಖಕ್ಕೂ ಹೆಗಲಿಗೂ ಬಡಿದಿತ್ತು. ಹಿಂದೆ ಬರುತ್ತಿದ್ದ ಟ್ರಾಕ್ಟರು ಅವಳ ಕಾಲಿನಿಂದ ಎರಡು ಮಾರು ದೂರದಲ್ಲಿ ನಿಂತಿತು. ಅದರ ಮುಂದಿನ ಗಾಲಿಯ ಕೆಳಗೆ ಕಾಳು ಚಟಚಟ ಸಿಡಿದದ್ದು ನನಗೆ ಕೇಳಿಸಿತು.

ಮೊದಲು ಬಂದವಳು ಕಾಳಿನ ಒಡತಿ, ಕೈಯಲ್ಲಿ ಕಾಳು ಎಳೆಯುವ ಹಲಗೆ. "ಕಣ್ ಕಾಣಲ್ಲೇನೋ ನಿಂಗೆ, ಕಾಳಿನ್ ಮೇಲೇ ಹತ್ತುಸ್ತೀಯಲ್ಲೋ!" ಎಂದು ಟ್ರಾಕ್ಟರಿನ ಡ್ರೈವರನಿಗೆ ಬೈಯುತ್ತಲೇ ಓಡಿ ಬಂದವಳು ಹುಡುಗಿಯನ್ನು ಕಂಡು ಹಲಗೆ ಎಸೆದು ಕುಸಿದಳು. ಜನ ಮುತ್ತಿದರು. ಒಬ್ಬ ಅವಳ ಮುಷ್ಟಿಯೊಳಗೆ ಬೀಗದ ಕೈ ತುರುಕುತ್ತಿದ್ದ. ಇನ್ನೊಬ್ಬ ಚಪ್ಪಲಿ ಮೂಗಿನ ಹತ್ತಿರ ಹಿಡಿದಿದ್ದ.

"ಕಬ್ಬಿಣ ಬೇಡ, ಏನೂ ಬೇಡ, ಬಾಯಿಗೆ ಏನೂ ಹಾಕ್ಬೇಡಿ, ಸರೀರಿ" ಎಂದು ಕಿರುಚಿದೆ. ಅವಳನ್ನು ಮಗ್ಗುಲಿಗೆ ಹೊರಳಿಸಿದೆ. ವೇಲನ್ನು ಮಡಚಿ ತಲೆಯ ಕೆಳಗಿಟ್ಟೆ. ಗಡಿಯಾರ ನೋಡಿದೆ. ಬಾಯಿಂದ ರಕ್ತ ಬರುತ್ತಿತ್ತು. ಮೈ ಅದುರುವುದು ನಿಂತಾಗ, ಕಲಿತ ಹಾಗೆಯೇ, ಅವಳನ್ನು ಹೆಸರು ಹಿಡಿದು ಕರೆದೆ. ಒಂದಲ್ಲ, ನಾಲ್ಕೈದು ಸಲ.

ಪಕ್ಕದಲ್ಲಿ ಕೂತು ಅಳುತ್ತಿದ್ದ ಹುಡುಗನ ಅಕ್ಕ ತಲೆ ಎತ್ತಿದರು. "ಇವಳ ಹೆಸ್ರು ನಿಮಗೆ ಹೆಂಗ್ ಗೊತ್ತು?"

ನಾನು ಅವಳ ಬಾಯಿಯ ರಕ್ತ ಒರೆಸಿದೆ. ಉತ್ತರ ಹೇಳುವ ಅಗತ್ಯ ಇರಲಿಲ್ಲ.

ಆಸ್ಪತ್ರೆಯಲ್ಲಿ ಹೆಗಲ ಮೂಳೆಗೆ ಪಟ್ಟಿ ಹಾಕಿದರು, ಹಣೆಗೆ ಹೊಲಿಗೆ. ಮುಂದಿನ ಎರಡು ಹಲ್ಲು ಹೋಗಿದ್ದವು. ಜೀವಕ್ಕೆ ಅಪಾಯವಿಲ್ಲ ಎಂದರು. ನಮ್ಮ ಡಾಕ್ಟರು ಸಂಜೆ ಬಂದು, ಮಾತ್ರೆ ಬಿಟ್ಟು ಎಷ್ಟು ದಿನ ಎಂದು ಕೇಳಿದಾಗ ಅವಳು ಮಾತಾಡಲಾಗದೆ ಬೆರಳು ತೋರಿಸಿದಳು. ಎಂಟು.

ಹೊರಗಿನ ಬೆಂಚಿನ ಮೇಲೆ ಹುಡುಗನ ಅಕ್ಕ ನನ್ನ ಪಕ್ಕ ಕೂತರು. ಅವರ ಸೀರೆಗೆಲ್ಲ ಮೆಕ್ಕೆಜೋಳದ ಹೊಟ್ಟು ಅಂಟಿತ್ತು. "ನಮಗೆ ಹೇಳಿದ್ರೆ ನಾವೇನು ತಿಂದ್ಬಿಡ್ತಿದ್ವೇನ್ರೀ?" ಎಂದರು. ಹೊಟ್ಟು ಕೊಡವುತ್ತ, "ಗೊತ್ತಿದ್ದಿದ್ರೆ ಬಾಗ್ಲ ಹತ್ರ ನಿಲ್ಲಾಕೆ ಬಿಡ್ತಿದ್ನಾ ನಾನು?" ಎಂದು ಬಿಕ್ಕಿದರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಮದುವೆ ಮುರಿದದ್ದು ಅವರ ಮಾತಿನಿಂದಲ್ಲ, ಮನೆಯ ಹಿರಿಯರಿಂದ. ಮುಚ್ಚಿಟ್ಟರಲ್ಲ ಎಂಬುದೇ ಅವರ ಕಾರಣವಾಗಿತ್ತಂತೆ. ಹೇಳಿದ್ದಿದ್ದರೆ ಒಪ್ಪುತ್ತಿದ್ದರೇ, ಅದು ಯಾರಿಗೂ ಗೊತ್ತಿಲ್ಲ.

ಡಾಕ್ಟರಿಗೆ ಹೆಸರು ಬರೆದ ವಿಷಯ ಹೇಳಿದೆ. "ಪೇಜು ನೋಡಿಯೂ ಸುಮ್ನಿದ್ದೆ ನಾನು. ನನ್ನದೂ ತಪ್ಪು" ಎಂದರು. ಹೆಬ್ಬೆರಳಿನ ವಿಷಯ ಮಾತ್ರ ನಾನು ಹೇಳಲಿಲ್ಲ. ಶನಿವಾರ ಈಗಲೂ ಪೇಜಿನಲ್ಲಿ ಬರೆಯುತ್ತೇನೆ. 'ಹೊಸದಾಗಿ ಬಂದ ಎಲ್ಲರಿಗೂ ನಮಸ್ಕಾರ. ಏನಾದರೂ ಕೇಳುವುದಿದ್ದರೆ ಇಲ್ಲಿ ಎಲ್ಲರೆದುರು ಬರೆಯಬೇಡಿ, ಫೋನು ಮಾಡಿ. ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.' ಅಷ್ಟೇ. ಯಾರ ಹೆಸರೂ ಇಲ್ಲ. "ಸಿಸ್ಟರಿಗೆ ಯಾಕೋ ದೊಡ್ಡಸ್ತಿಕೆ ಬಂದೈತಿ" ಎಂದು ಯಾರೋ ಬರೆದಿದ್ದರು.

ಎರಡು ತಿಂಗಳ ಮೇಲೆ ಒಂದು ಗುರುವಾರ ಅವಳ ತಾಯಿ ಸೊರಬದ ಕೋಣೆಗೇ ಬಂದರು. "ಇನ್ನು ಮುಚ್ಚಿಡೋದು ಎಂತ ಉಂಟು, ಹತ್ರದ್ದೇ ಸಾಕು" ಎಂದರು. ಮಗಳು ಬಂದಿರಲಿಲ್ಲ. ಕಾಲೇಜಿಗೂ ಹೋಗುತ್ತಿಲ್ಲ, ಬಸ್ಸಿನ ಸದ್ದು ಕೇಳಿದರೆ ಒಳಗೆ ಹೋಗುತ್ತಾಳೆ ಎಂದರು. ಮಾತ್ರೆ ಮಾತ್ರ ತಪ್ಪಿಸುತ್ತಿಲ್ಲ. ಆದರೆ ಅವಳನ್ನು ನೋಡದೆ ಪ್ರಮಾಣ ಬದಲಿಸಲಾಗದು ಎಂದು ಡಾಕ್ಟರು ಹೇಳಿ ಕಳಿಸಿದರು. ನಾನು ಮಾತ್ರೆಯ ಕವರಿನ ಮೇಲೆ ಬೆಳಿಗ್ಗೆ, ರಾತ್ರಿ ಎಂದು ಬರೆದುಕೊಡುತ್ತಿದ್ದೆ. ಆ ತಾಯಿಯ ಕೈ ನನ್ನ ಮೇಜಿನ ಮೇಲಿತ್ತು. ನನಗೆ ತಡೆಯಲಾಗಲಿಲ್ಲ.

"ಅಮ್ಮ, ಬಸ್ಸಲ್ಲಿ ನಾನು ಅವಳ ಹೆಬ್ಬೆರಳು ನೋಡಿದ್ದೆ. ಬೀಳೋಕ್ಕಿಂತ ಮೊದ್ಲು. ನೋಡಿ ಸುಮ್ನೆ ಕೂತಿದ್ದೆ."

ಅವರು ಮೇಜಿನ ಮೇಲಿಂದ ಕೈ ತೆಗೆದರು. ಹೊರಗೆ ಮುಂದಿನ ರೋಗಿ ಕೆಮ್ಮಿದ.

"ಮಾತ್ರೆ ಎಲ್ಲಾ ಬಿಡಿಸಿ ಬಚ್ಚಲೊಲೆಗೆ ಹಾಕಿದ್ಲು" ಎಂದರು ಕೊನೆಗೆ. "ನಾ ಅಲ್ಲೇ ನೀರು ಕಾಯಿಸ್ತಾ ಕೂತಿದ್ದೆ. ನೆಂಟ್ರು ಬರೋರಿದ್ರು, ಕಂಡ್ರೆ ಕಷ್ಟ. ನಾಕು ದಿನ ತಾನೆ ಅಂದ್ಕಂಡೆ." ಕವರನ್ನು ಚೀಲಕ್ಕೆ ಹಾಕಿಕೊಂಡರು. "ನಿಮ್ಮದು ಅವ್ಳಿಗೆ ಹೇಳೋದಿಲ್ಲ ನಾನು. ಹೇಳಿದ್ರೆ ಇಲ್ಲಿಗೆ ಬರೋದೇ ಇಲ್ಲ ಅವ್ಳು. ಮೊದ್ಲೇ ನಿಮ್ಮ ಹೆಸ್ರು ಎತ್ತಿದ್ರೆ ಎದ್ದು ಹೋತಾಳೆ."

"ನಾನಿದ್ದೀನಿ ಅಂತಾನೇ ಬರ್ತಿಲ್ವಾ?"

ಅವರು ಚೀಲದ ಬಾಯಿ ಬಿಗಿದುಕೊಂಡು ಎದ್ದರು.

"ಬರೋ ಗುರುವಾರ ಕರ್ಕೊಂಡು ಬನ್ನಿ" ಎಂದೆ. "ನಾನು ಶಿಕಾರಿಪುರದಲ್ಲೇ ಇರ್ತೀನಿ."

ಆ ಗುರುವಾರ ನಾನು ಸೊರಬಕ್ಕೆ ಹೋಗಲಿಲ್ಲ. ತಲೆನೋವೆಂದು ಡಾಕ್ಟರಿಗೆ ಹೇಳಿದೆ. ಇಡೀ ದಿನ ಔಷಧಿಯ ಬೀರು ಒರೆಸಿದೆ. ಸಂಜೆ ಡಾಕ್ಟರು ಬಂದು ಫೈಲುಗಳ ಚೀಲ ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದರು. ಅವಳ ಫೈಲು ಕೆಳಗಿನಿಂದ ಎರಡನೆಯದು. ಹಣೆಯ ಗಾಯ ವಾಸಿ. ಭುಜ ಪೂರ್ತಿ ಎತ್ತಲಾಗುತ್ತಿಲ್ಲ. ಫಿಟ್ಸ್ ಬಂದಿಲ್ಲ. ಮಾತ್ರೆ ತಪ್ಪಿಲ್ಲ. ಮುಂದಿನ ಭೇಟಿ ಮೂರು ತಿಂಗಳಿಗೆ, ಸೊರಬ.

ಗೋಡೆಯ ಕ್ಯಾಲೆಂಡರಿನಲ್ಲಿ ಆ ಗುರುವಾರವನ್ನು ಹುಡುಕಿ, ನನ್ನ ರಜೆಯೆಂದು ಗುರುತು ಹಾಕಿದೆ.